ಕೊಡಗಿನ ಪ್ರೇಮಕಥೆ: ಶುರು ಎಲ್ಲಿಂದ ಮಾಡೋದು?

ಗೋಣಿಕೊಪ್ಪದ ಹುಡುಗಿ:

ಎಲ್ಲರಿಗೂ ನಮಸ್ಕಾರ. ನನಗೆ 26 ವರ್ಷ. ಗೋಣಿಕೊಪ್ಪದಲ್ಲಿ ಗೊಬ್ಬರ, ತೋಟದ ಸಾಮಾನು ಮಾರುವ ಅಂಗಡಿಯಲ್ಲಿ ಬಿಲ್ ಬರೆಯುವ ಕೆಲಸ. ಎಂಟನೇ ಕ್ಲಾಸಿನಿಂದ ಪ್ರೇಮ ಕಾದಂಬರಿ ಓದಿಕೊಂಡು ಬಂದವಳು. ಅಮ್ಮ ವಾರಪತ್ರಿಕೆಗಳ ಧಾರಾವಾಹಿ ಪುಟಗಳನ್ನು ಕತ್ತರಿಸಿ, ಸೂಜಿದಾರದಲ್ಲಿ ಹೊಲಿದು ಇಟ್ಟಿದ್ದರು. ಮೊದಲು ಓದಿದ್ದು ಅವನ್ನೇ.

ಈಗ ನಾನೇ ಒಂದು ಬರೆಯಲು ಕೂತಿದ್ದೇನೆ. 40 ಪುಟ ಆಗಿದೆ. ಅಲ್ಲಿಂದ ಮುಂದೆ ಹೋಗುತ್ತಿಲ್ಲ. ಹುಡುಗ ಹುಡುಗಿ ರಾಜಾಸೀಟಿನಲ್ಲಿ ಮಂಜು ಮುಸುಕಿದ ಹೊತ್ತಿಗೆ ಸಿಗುತ್ತಾರೆ. ಆಮೇಲೆ ಅಬ್ಬಿ ಜಲಪಾತ. ಆಮೇಲೆ ಕಾಫಿ ಹೂ ಬಿಟ್ಟ ತೋಟ. ಓದಿ ನೋಡಿದರೆ ಕ್ಯಾಲೆಂಡರ್ ಹಾಳೆ ತಿರುವಿದ ಹಾಗೆ ಅನ್ನಿಸುತ್ತೆ. ಅವರಿಬ್ಬರಿಗೆ ಯಾಕೆ ಪ್ರೀತಿ ಆಯ್ತು ಅಂತ ನನಗೇ ಗೊತ್ತಿಲ್ಲ.

ಬರೆಯುವವರು ಯಾರಾದರೂ ಇದ್ದರೆ ಹೇಳಿ. ಕಥೆ ನಿಮಗೆ ಎಲ್ಲಿಂದ ಸಿಗುತ್ತೆ? ಮೊದಲೇ ಪೂರ್ತಿ ಯೋಚನೆ ಮಾಡಿ ಬರೀತೀರಾ, ಇಲ್ಲ ಬರೆಯುತ್ತಾ ಹೋಗ್ತೀರಾ? ಕೆಲಸಕ್ಕೆ ಹೋಗುವವರು ಯಾವ ಹೊತ್ತಿನಲ್ಲಿ ಬರೆಯುತ್ತೀರಿ?

ವಿರಾಜಪೇಟೆ ಓದುಗ:

ನಾನು ಬರೆಯುವವನಲ್ಲ, ಓದುವವನು. ಆದರೂ ಒಂದು ಮಾತು. ಕೊಡಗಿನಲ್ಲಿ ನಡೆಯುವ ಪ್ರೇಮಕಥೆ ಅಂದರೆ ಹುಡುಗನಿಗೆ ನೂರು ಎಕರೆ ತೋಟ, ಒಂದು ಜೀಪು, ಗೋಡೆ ಮೇಲೆ ಕೋವಿ. ಹುಡುಗಿ ಬೆಂಗಳೂರಿನಿಂದ ಬಂದಿರುತ್ತಾಳೆ. ಅವನು ತೋಟದಲ್ಲಿ ಏನು ಮಾಡುತ್ತಾನೆ ಅಂತ ಎಷ್ಟು ಪುಟ ಓದಿದರೂ ಗೊತ್ತಾಗಲ್ಲ. ಕಾಫಿ ಗಿಡ ಸವರುವ ಕಸಿ ಇಲ್ಲ, ನೆರಳಿನ ಮರದ ಕೊಂಬೆ ಕಡಿಯುವ ಮರಗಸಿ ಇಲ್ಲ, ಗೊಬ್ಬರ ಇಲ್ಲ, ಆಳು ಸಿಗದ ಚಿಂತೆ ಇಲ್ಲ. ನಾನು ಅಮ್ಮತ್ತಿ ಕಡೆಯ ತೋಟದಲ್ಲಿ ಹುಟ್ಟಿ ಬೆಳೆದವನು. ನಮ್ಮಪ್ಪ ಅಮ್ಮನ ಹತ್ತಿರ ಕೂತು ನಾಲ್ಕು ಮಾತಾಡಿದ್ದು ನೋಡಿದ್ದು ಕೊಯ್ಲು ಮುಗಿದ ಮೇಲೆಯೇ. ನೀವಾದರೂ ಕೆಲಸ ಮಾಡುವ ಜನರನ್ನು ಬರೆಯಿರಿ.

ರೈಟರ ಮಗಳು, ಸುಂಟಿಕೊಪ್ಪ:

ನಿಮ್ಮ ಪ್ರಶ್ನೆ ಓದಿ ನಿನ್ನೆ ರಾತ್ರಿಯಿಂದ ಇದೇ ತಲೆಯಲ್ಲಿದೆ. ನಾನು ಬರೆಯಲು ಶುರು ಮಾಡಿ 30 ವರ್ಷ ದಾಟಿತು. ಎಲ್ಲವೂ ಪ್ರೇಮ ಕಾದಂಬರಿಗಳೇ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಬಿಡುವು ಮಾಡಿಕೊಂಡು ಓದಿ.

ನಮ್ಮ ಕಡೆ ಎಸ್ಟೇಟಿನಲ್ಲಿ ಲೆಕ್ಕ ಬರೆಯುವವರಿಗೆ ರೈಟರ್ ಅಂತಾರೆ. ನನ್ನ ಅಪ್ಪ ರೈಟರ್ ಆಗಿದ್ದರು. ಕೊಯ್ಲಿನ ದಿನಗಳಲ್ಲಿ ಸಂಜೆ ಕಣದ ಹತ್ತಿರ ತಕ್ಕಡಿ ಇಟ್ಟು, ಒಬ್ಬೊಬ್ಬರ ಚೀಲ ತೂಗಿ, ಹೆಸರಿನ ಮುಂದೆ ಕೆಜಿ ಬರೆಯುವುದು ಅವರ ಕೆಲಸ. ನಾನು ಲಾಟೀನು ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದೆ. ಒಂದು ವರ್ಷ ಒಬ್ಬ ಹುಡುಗ ದಿನವೂ ಸಾಲಿನ ಕೊನೆಗೆ ಬರುತ್ತಿದ್ದ. ಚುರುಕಾಗಿ ಕೊಯ್ಯುವವನು, ಎಲ್ಲರಿಗಿಂತ ಮೊದಲು ಚೀಲ ತುಂಬಿಸುತ್ತಿದ್ದ. ಆದರೂ ಕೊನೆಗೇ. ಯಾಕೆ ಅಂತ ನನಗೆ ಅರ್ಥವಾಗಿದ್ದು ಜನವರಿ ಮುಗಿಯುವ ಹೊತ್ತಿಗೆ. ಕೊನೆಯಿಂದ ಎರಡನೆಯವಳಾಗಿ ಬರುತ್ತಿದ್ದ ಹೆಂಗಸಿಗೆ ಒಂದು ಕಾಲು ಸ್ವಲ್ಪ ಎಳೆಯುತ್ತಿತ್ತು. ಅವಳ ಚೀಲವನ್ನು ತಕ್ಕಡಿಗೆ ಎತ್ತಿಡಲು ಹಿಂದೆ ಒಬ್ಬರು ಬೇಕಿತ್ತು. ಅವನು ಎತ್ತಿಡುತ್ತಿದ್ದ, ಅಷ್ಟೇ. ಮಾತಿಲ್ಲ, ನಗು ಇಲ್ಲ. ಅಪ್ಪನಿಗೆ ಗೊತ್ತಿತ್ತು. ಒಂದು ದಿನ ಅವನು ಬರುವುದು ತಡವಾದಾಗ ಅಪ್ಪ ಸುಮ್ನೆ ಪೆನ್ನಿಗೆ ಇಂಕು ತುಂಬಿಸುತ್ತಾ ಕೂತರು. ಅವಳ ಹೆಸರು ಕರೆಯಲೇ ಇಲ್ಲ.

ಕಥೆ ಎಲ್ಲಿಂದ ಸಿಗುತ್ತೆ ಅಂತ ಕೇಳಿದಿರಲ್ಲ, ನನಗೆ ಸಿಗುವುದು ಇಂಥ ಕಡೆ. ಒಬ್ಬರು ಇನ್ನೊಬ್ಬರಿಗಾಗಿ, ಯಾರೂ ಹೇಳದೆ, ಒಂದು ಸಣ್ಣ ಕೆಲಸ ಮಾಡುತ್ತಿರುತ್ತಾರೆ. ಅದು ಕಣ್ಣಿಗೆ ಬೀಳಬೇಕು. ಬಿದ್ದ ಮೇಲೆ ಇದು ಯಾವತ್ತಿಂದ ನಡೀತಿದೆ, ಶುರು ಹೇಗಾಯ್ತು ಅಂತ ಹಿಂದಕ್ಕೆ ಹೋಗುತ್ತೇನೆ. ನನ್ನ ಕಾದಂಬರಿಗಳೆಲ್ಲ ಹೀಗೆ ಹಿಂದಕ್ಕೆ ಹೋಗುತ್ತಲೇ ಸಿಕ್ಕಿದ್ದು.

ಇನ್ನೊಂದು ಹೇಳಲೇಬೇಕು. 2018ರ ಆಗಸ್ಟ್. ಮಕ್ಕಂದೂರು ಕಡೆ ಗುಡ್ಡ ಜಾರಿದಾಗ ನನ್ನ ತವರಿನವರು ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟು ಬಂದರು. ಅವರಿಗೆ ಬಟ್ಟೆಬರೆ ಕೊಡಲು ಪರಿಹಾರ ಕೇಂದ್ರಕ್ಕೆ ಹೋಗಿದ್ದೆ. ಅಲ್ಲಿ ಚಾಪೆ ಮೇಲೆ ವಯಸ್ಸಾದ ಗಂಡ ಹೆಂಡತಿ ಕೂತಿದ್ದರು. ಹೆಸರು ಬರೆದುಕೊಳ್ಳುವ ಹುಡುಗ ಬಂದು ಒಂದು ಹಾಳೆ ಕೊಟ್ಟು, ವಿವರ ಸರಿ ಇದೆಯಾ ನೋಡಿ ಅಂದ. ಆ ಅಜ್ಜ ಒದ್ದೆ ಅಂಗಿಯ ಜೇಬಿಗೆ ಕೈ ಹಾಕಿ, ಕರವಸ್ತ್ರದಲ್ಲಿ ಸುತ್ತಿದ್ದ ಕನ್ನಡಕ ತೆಗೆದರು. ಒಂದು ಕಡ್ಡಿಗೆ ಕಪ್ಪು ದಾರ ಸುತ್ತಿತ್ತು. ಪಕ್ಕದವರ ಟವಲಿನ ಒಣ ತುದಿಯಲ್ಲಿ ಗಾಜು ಒರೆಸಿದರು. ನಾನು ಅವರೇ ಹಾಕಿಕೊಳ್ಳುತ್ತಾರೆ ಅಂದುಕೊಂಡೆ. ಹೆಂಡತಿಯ ಕಿವಿಗೆ ಸಿಕ್ಕಿಸಿದರು. ಹುಡುಗ, ಅಜ್ಜಾ ನೀವೂ ಓದಿ ಅಂದಾಗ, ನನ್ನದು ಮನೆಯಲ್ಲೇ ಉಳೀತು ಮಗಾ, ನೀನೇ ಓದಿ ಹೇಳು ಅಂದರು.

ಅವರ ಮನೆ ಆಗ ಇರಲಿಲ್ಲ.

ಎರಡು ವರ್ಷ ನಾನು ಏನೂ ಬರೆಯಲಿಲ್ಲ. ಆಮೇಲೆ ಒಂದು ದಿನ ಪಾತ್ರೆ ತೊಳೆಯುವಾಗ ಪ್ರಶ್ನೆ ಬಂತು. ಗುಡ್ಡ ಸದ್ದು ಮಾಡುವ ಹೊತ್ತಿನಲ್ಲಿ, ಕತ್ತಲೆಯಲ್ಲಿ, ಅವಳ ಕನ್ನಡಕ ಎಲ್ಲಿದೆ ಅಂತ ಅವರ ಕೈಗೆ ಹೇಗೆ ಗೊತ್ತಿತ್ತು? ದಿನಾ ಮಲಗುವಾಗ ಅವಳು ಎಲ್ಲಿಡುತ್ತಾಳೆ ಅಂತ ಎಷ್ಟು ವರ್ಷದಿಂದ ನೋಡುತ್ತಿದ್ದರು? ಅಲ್ಲಿಂದ ಬರೆದೆ. ಹೀರೋಗೆ 64, ಹೀರೋಯಿನ್‌ಗೆ 61. ಒಬ್ಬ ಪ್ರಕಾಶಕರು ವಯಸ್ಸು ಇಳಿಸಿ, ಮುದುಕರ ಪ್ರೀತಿ ಯಾರೂ ಓದಲ್ಲ ಅಂದರು. ನನಗೆ ತುಂಬಾ ನೋವಾಯ್ತು. ಇಳಿಸಲಿಲ್ಲ. ಬೇರೆ ಕಡೆ ಕೊಟ್ಟೆ. ನನಗೆ ಅತಿ ಹೆಚ್ಚು ಪತ್ರ ಬಂದಿದ್ದು ಅದೇ ಪುಸ್ತಕಕ್ಕೆ.

ಇನ್ನು ನಿಮ್ಮ ಮಂಜಿನ ವಿಷಯ. ಮಂಜು ಬರೆಯಬಾರದು ಅಂತಲ್ಲ. ಆದರೆ ಇಲ್ಲಿ ಇರುವವರು ಅದನ್ನು ಹೇಗೆ ನೋಡುತ್ತಾರೋ ಹಾಗೆ ಬರೆಯಿರಿ. ಕಾಫಿ ಹೂವನ್ನೇ ತಗೊಳ್ಳಿ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಂದು ಎಂಟು ಹತ್ತು ದಿನಕ್ಕೆ ತೋಟ ಪೂರ್ತಿ ಬಿಳಿ ಆಗುತ್ತೆ. ಮೂರ್ನಾಲ್ಕು ದಿನ, ಅಷ್ಟೇ. ಬೆಂಗಳೂರಿನಿಂದ ಬಂದವರು ಮೊಬೈಲ್ ಎತ್ತುತ್ತಾರೆ. ತೋಟದವರು ಆಕಾಶ ನೋಡುತ್ತಾರೆ. ಹೂ ಅರಳಿದ ದಿನ ಮಳೆ ಬಿದ್ದರೆ ರೋಬಸ್ಟಾ ಕಾಫಿಯ ಫಸಲು ಹೋದ ಹಾಗೇ. ಅದಕ್ಕೆ ಬೇರೆ ಗಿಡದ ಪರಾಗ ಬೇಕು, ಗಾಳಿ, ಜೇನು ತರಬೇಕು. ಒದ್ದೆಯಾದರೆ ಕೆಲಸ ಕೆಟ್ಟಿತು. ಒಳ್ಳೆಯದಾಗಿ ಕಟ್ಟಿದರೂ ಎರಡು ಮೂರು ವಾರದಲ್ಲಿ ಇನ್ನೊಂದು ಮಳೆ, ಬ್ಯಾಕಿಂಗ್ ಮಳೆ ಅಂತೀವಲ್ಲ ಅದು, ಬೇಕೇ ಬೇಕು. ಆ ಹೊತ್ತಿನಲ್ಲಿ ಒಬ್ಬ ಹುಡುಗಿ ಬಂದು ಹೂವು ಎಷ್ಟು ಚಂದ ಅಂದರೆ ಅವನಿಗೆ ಕೇಳಿಸುವುದೇ ಇಲ್ಲ. ಮೋಡ ಆ ಕಡೆ ಹೋಯ್ತಲ್ಲಾ ಅಂದರೆ ತಿರುಗಿ ನೋಡುತ್ತಾನೆ. ಅಲ್ವಾ?

ನನ್ನ ಒಂದು ಕಾದಂಬರಿ ಇಡೀ ನಿಂತಿದ್ದು ಒಂದು ಕೆರೆಯ ಮೇಲೆ. ಎರಡು ತೋಟದ ನಡುವೆ ಒಂದೇ ಕೆರೆ. ಹೂಮಳೆ ಕೈಕೊಟ್ಟ ವರ್ಷ. ಸ್ಪ್ರಿಂಕ್ಲರ್ ಹಾಕಲೇಬೇಕು, ನೀರು ಇರುವುದು ಒಂದು ತೋಟಕ್ಕೆ ಆಗುವಷ್ಟು. ಅವನ ಪಂಪು ರಾತ್ರಿಯೆಲ್ಲ ಓಡುವ ಸದ್ದು ಅವಳಿಗೆ ಕೇಳುತ್ತೆ. ಒಂದು ರಾತ್ರಿ ಆ ಸದ್ದು ಎರಡು ಗಂಟೆಗೆ ನಿಲ್ಲುತ್ತೆ. ಪಂಪು ಕೆಟ್ಟಿತಾ, ಅವನೇ ನಿಲ್ಲಿಸಿದನಾ ಅಂತ ಅವಳು ಬೆಳಗಾಗುವವರೆಗೆ ಎದ್ದು ಕೂತಿರುತ್ತಾಳೆ. ನನ್ನ ಓದುಗರು ಈಗಲೂ ಆ ಅಧ್ಯಾಯದ ಬಗ್ಗೆ ಕೇಳುತ್ತಾರೆ. ಅದರಲ್ಲಿ ಅವನು ಒಂದು ಸಲವೂ ಕಾಣಿಸಿಕೊಳ್ಳುವುದಿಲ್ಲ.

ಮಳೆ ಬಂತು, ಇಬ್ಬರೂ ಓಡಿ ಒಂದೇ ಸೂರಿನಡಿ ನಿಂತರು ಅಂತ ಮಾತ್ರ ಬರೆಯಬೇಡಿ. ಜೂನ್‌ನಲ್ಲಿ ನಮ್ಮವರು ಮಳೆಗೆ ನಿಲ್ಲುತ್ತಾರಾ? ನಿಂತರೆ ಸೆಪ್ಟೆಂಬರ್‌ವರೆಗೆ ನಿಂತೇ ಇರಬೇಕು. ಕೊಡೆ ಬಿಡಿಸಿ, ಇಲ್ಲ ಪ್ಲಾಸ್ಟಿಕ್ ಕೊಪ್ಪೆ ಹಾಕಿ ನಡೆಯುತ್ತಾರೆ.

ನಾನು ಬರೆಯುವ ರೀತಿ ಕೇಳಿದಿರಿ. ಅಪ್ಪನ ಹಾಗೆಯೇ ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಗೆರೆ ಎಳೆದುಕೊಳ್ಳುತ್ತೇನೆ. ಮೊದಲ ಸಾಲಿನಲ್ಲಿ ಆ ದಿನ ಅವನು ಏನು ಮಾಡಿದ. ಎರಡನೆಯದರಲ್ಲಿ ಅವಳು ಏನು ಮಾಡಿದಳು. ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ: ಅದನ್ನು ಯಾರು ನೋಡಿದರು. ತೋಟದ ಆಳುಗಳ ಲೈನ್‌ಮನೆ ಇರಲಿ, ಕೊಡವರ ಕುಟುಂಬದ ಐನ್‌ಮನೆ ಇರಲಿ, ಇಲ್ಲಿ ಯಾರೂ ನೋಡದೆ ಏನೂ ನಡೆಯುವುದಿಲ್ಲ. ಬಸ್ಸಿನ ಕಂಡಕ್ಟರ್ ನೋಡಿರುತ್ತಾನೆ. ಹಾಲಿನ ಡೈರಿಯಲ್ಲಿ ಯಾರೋ ನೋಡಿರುತ್ತಾರೆ. ಒಬ್ಬರು ನೋಡಿದರು ಅಂದರೆ ಒಂದು ವಾರದಲ್ಲಿ ಅವಳ ಅತ್ತೆಗೆ ಗೊತ್ತಾಗುತ್ತೆ. ಕಥೆ ತಾನಾಗಿ ಮುಂದಕ್ಕೆ ಹೋಗುತ್ತೆ. ನಿಮ್ಮ 40 ಪುಟದಲ್ಲಿ ಅವರಿಬ್ಬರನ್ನು ಯಾರು ನೋಡಿದ್ದಾರೆ? ನನಗೆ ಅನ್ನಿಸುತ್ತೆ, ಯಾರೂ ಇಲ್ಲ. ಅದಕ್ಕೇ ನಿಂತಿದೆ.

ಪೂರ್ತಿ ಯೋಚಿಸಿ ಬರೆಯುವುದಿಲ್ಲ. ಕೊನೆಯಲ್ಲಿ ಇಬ್ಬರೂ ಯಾವ ಜಾಗದಲ್ಲಿ ಇರುತ್ತಾರೆ ಅನ್ನುವುದು ಮಾತ್ರ ಗೊತ್ತಿರಬೇಕು. ಅಡುಗೆಮನೆಯಾ, ಬಸ್‌ಸ್ಟ್ಯಾಂಡಾ, ಕಣವಾ. ಉಳಿದದ್ದು ದಾರಿಯಲ್ಲಿ ಸಿಗುತ್ತೆ.

ಬೆಳಿಗ್ಗೆ ನಾಲ್ಕೂವರೆಯಿಂದ ಆರರವರೆಗೆ ಬರೆಯುತ್ತೇನೆ. ಕೊಯ್ಲಿನ ಮೂರು ತಿಂಗಳು ಮುಟ್ಟುವುದೇ ಇಲ್ಲ, ಆಗ ಬರೀ ನೋಡುವುದು. ಜಾಸ್ತಿ ಬರೆಯುವುದು ಜುಲೈ, ಆಗಸ್ಟ್‌ನ ಆಟಿಯಲ್ಲಿ, ಕೊಡವರು ಕಕ್ಕಡ ಅನ್ನುತ್ತಾರಲ್ಲ ಆ ತಿಂಗಳಲ್ಲಿ. ಮದುವೆ ಮುಂಜಿ ಇರುವುದಿಲ್ಲ, ನೆಂಟರು ಬರುವುದಿಲ್ಲ, ಕರೆಂಟೂ ಇರುವುದಿಲ್ಲ. ಸೌದೆ ಒಲೆಯ ಮುಂದೆ ಕೂತು ಬರೆಯುವುದು. ಆಟಿ ಹದಿನೆಂಟರಂದು ಮದ್ದುಸೊಪ್ಪಿನ ರಸದಲ್ಲಿ ಮಾಡುವ ಮದ್ದುಪಾಯಸ ಆಗುವ ಹೊತ್ತಿಗೆ ಅರ್ಧ ಪುಸ್ತಕ ಆಗಿರಬೇಕು ಅಂತ ನನ್ನ ಲೆಕ್ಕ.

ನಮ್ಮ ಸುಂಟಿಕೊಪ್ಪದ ಹತ್ತಿರದ ತೋಟದಲ್ಲೇ ಇದ್ದುಕೊಂಡು ಕೊಡಗಿನ ಗೌರಮ್ಮ ಕಥೆ ಬರೆದರು. 1912ರಲ್ಲಿ ಹುಟ್ಟಿ 1939ರಲ್ಲಿ ತೀರಿಕೊಂಡವರು. 27 ವರ್ಷ, ನಿಮಗಿಂತ ಒಂದೇ ವರ್ಷ ಜಾಸ್ತಿ. ಕಣ್ಣೆದುರು ಅಷ್ಟು ಚಂದದ ತೋಟ ಇದ್ದರೂ ಅವರು ಬರೆದದ್ದು ಹೆಣ್ಣುಮಕ್ಕಳ ಕಷ್ಟ, ವಿಧವೆಯರ ಬಾಳು. ನನಗೆ ಧೈರ್ಯ ಬೇಕಾದಾಗಲೆಲ್ಲ ಅವರನ್ನು ನೆನೆಯುತ್ತೇನೆ.

ಗೋಣಿಕೊಪ್ಪದ ಹುಡುಗಿ:

ಮೇಡಂ, ಎರಡು ಸಲ ಓದಿದೆ. ಕನ್ನಡಕದ ಭಾಗ ಅಮ್ಮನಿಗೂ ಓದಿ ಹೇಳಿದೆ. ನಿಮ್ಮ ಮೂರನೇ ಸಾಲಿಗೆ ನನ್ನ ಕಥೆಯಲ್ಲಿ ನಿಜವಾಗಿಯೂ ಯಾರೂ ಇಲ್ಲ.

ಇನ್ನೊಂದು ಕೇಳಬೇಕು. ನನ್ನ ಕಥೆಯ ಮಾತುಗಳು ಸಿನಿಮಾ ಡೈಲಾಗ್ ಹಾಗೆ ಆಗ್ತಿವೆ. ನಮ್ಮಲ್ಲಿ ಒಬ್ಬರು ಕೊಡವ ತಕ್ಕ್, ಒಬ್ಬರು ಅರೆಭಾಷೆ, ಒಬ್ಬರು ಮಲಯಾಳ. ಕಾದಂಬರಿ ಮಾತ್ರ ಕನ್ನಡ. ಪ್ರೀತಿಯ ಮಾತು ಹೇಗೆ ಬರೆಯೋದು?

ರೈಟರ ಮಗಳು, ಸುಂಟಿಕೊಪ್ಪ:

ಒಳ್ಳೆಯ ಪ್ರಶ್ನೆ. ನಾನು ಅತಿ ಹೆಚ್ಚು ತಿದ್ದುವುದು ಇದನ್ನೇ.

ಮೊದಲು ಭಾಷೆ. ನಮ್ಮ ಮನೆ ಮಾತು ಅರೆಭಾಷೆ. ಕಾದಂಬರಿಯಲ್ಲಿ ಪುಟಗಟ್ಟಲೆ ಹಾಕಿದರೆ ಧಾರವಾಡದವರಿಗೆ ತಿಳಿಯುವುದಿಲ್ಲ. ಹಾಗಾಗಿ ಮನೆಯವರ ಜೊತೆ ಆಡುವಾಗ ಅವಳ ವಾಕ್ಯ ಗಿಡ್ಡ, ಹೊರಗಿನವರ ಜೊತೆ ಉದ್ದ. ಎಲ್ಲೋ ಒಂದು ಕಡೆ, ತಡೆಯಲಾರದ ಹೊತ್ತಿನಲ್ಲಿ, ಅವಳ ಬಾಯಿಂದ ಮನೆಮಾತಿನ ಒಂದು ಪದ ಬರಲಿ. ಅದು ಅವನಿಗೆ ಅರ್ಥವಾಗದೆ ಇರಲಿ. ಅರ್ಥ ಕೇಳಲು ಅವನು ಯಾರ ಹತ್ತಿರ ಹೋಗುತ್ತಾನೆ ಅಂತ ಯೋಚಿಸಿ. ಅಲ್ಲೇ ಒಂದು ಅಧ್ಯಾಯ ಇದೆ.

ಎರಡನೆಯದು ನೀವು, ನೀನು. ಇದರಷ್ಟು ದೊಡ್ಡ ಆಸ್ತಿ ಪ್ರೇಮಕಥೆ ಬರೆಯುವವರಿಗೆ ಬೇರೆ ಇಲ್ಲ. ನಮ್ಮ ಜನ ‘ಐ ಲವ್ ಯೂ’ ಹೇಳುವುದು ಕಡಿಮೆ. ಆದರೆ ‘ಬನ್ನಿ’ ಅನ್ನುತ್ತಿದ್ದವರು ‘ಬಾ’ ಅಂದ ದಿನ ಇಬ್ಬರಿಗೂ ಗೊತ್ತಾಗುತ್ತೆ. ಸುತ್ತ ಇದ್ದವರಿಗೂ ಗೊತ್ತಾಗುತ್ತೆ.

ಈ ಎರಡರ ನಡುವೆ ಒಂದು ಕಾಲ ಇರುತ್ತೆ. ‘ನೀವು’ ಅನ್ನಲು ಮನಸ್ಸಿಲ್ಲ, ‘ನೀನು’ ಅನ್ನಲು ಧೈರ್ಯ ಇಲ್ಲ. ಆಗ ಜನ ಹೇಗೆ ಮಾತಾಡುತ್ತಾರೆ, ಕಿವಿ ಕೊಟ್ಟು ಕೇಳಿ. ‘ಊಟ ಆಯ್ತಾ?’ ‘ಕಾಫಿ ಬೇಕಾ?’ ‘ಹೊರಡೋದು ಎಷ್ಟು ಗಂಟೆಗೆ?’ ‘ಇಷ್ಟು ತಡ ಮಾಡೋದಾ?’ ಯಾರನ್ನು ಕೇಳಿದ್ದು ಅಂತ ಮಾತಿನಲ್ಲಿ ಇಲ್ಲವೇ ಇಲ್ಲ. ನೀವು, ನೀನು ಎರಡೂ ತಪ್ಪಿಸಿದ್ದಾರೆ. ಕನ್ನಡದಲ್ಲಿ ಹೀಗೆ ಎಷ್ಟು ದಿನ ಬೇಕಾದರೂ ಮಾತಾಡಬಹುದು. ನಾನು ಒಂದು ಕಾದಂಬರಿಯಲ್ಲಿ 70 ಪುಟ ಹೀಗೇ ಮಾತಾಡಿಸಿದೆ. ಆಮೇಲೆ ಅವಳಿಗೆ ಜ್ವರ ಬಂದ ದಿನ ಅವನು ಬಾಗಿಲಲ್ಲಿ ನಿಂತು ‘ಔಷಧಿ ತಗೊಂಡ್ಯಾ?’ ಅಂದ. ಆ ಒಂದು ‘ಡ್ಯಾ’ ಬರೆಯಲು 70 ಪುಟ ಬೇಕಾಯ್ತು ಅಂತ ನನಗೆ ಈಗಲೂ ಖುಷಿ.

ಕೆಲವು ದಂಪತಿ ತಿರುಗಿ ‘ನೀವು’ಗೆ ಹೋಗುತ್ತಾರೆ, ಜಗಳ ಆದಾಗ. ಅದನ್ನೂ ಇಟ್ಟುಕೊಳ್ಳಿ.

ಬರೆದ ಮೇಲೆ ಗಟ್ಟಿಯಾಗಿ ಓದಿ. ನಾನು ಅಡುಗೆ ಮಾಡುತ್ತಾ ಓದುತ್ತೇನೆ. ರೊಟ್ಟಿ ಬೇಯಿಸುತ್ತಾ ಹೇಳಲು ಬಾರದ ಮಾತು ನನ್ನ ಹೆಣ್ಣುಮಕ್ಕಳ ಬಾಯಲ್ಲಿ ಬರುವುದಿಲ್ಲ.

ಸೋಮವಾರಪೇಟೆ ಟೀಚರ್:

ಮೇಡಂ ಹೇಳಿದ್ದು ನಿಜ. ನಮ್ಮೆಜಮಾನರು ನನ್ನನ್ನು ಹೆಸರು ಹಿಡಿದು ಕರೆದದ್ದು ಮದುವೆಯಾಗಿ ನಾಲ್ಕು ವರ್ಷದ ಮೇಲೆ. ಅದುವರೆಗೆ ‘ಕೇಳಿಸ್ತಾ’ ಅಂತಿದ್ದರು. ಈಗಲೂ ಯಾರಾದರೂ ಬಸ್ಸಿನಲ್ಲಿ ‘ಕೇಳಿಸ್ತಾ’ ಅಂದರೆ ನಾನು ತಿರುಗಿ ನೋಡುತ್ತೇನೆ.

ಆದರೆ ಮಂಜಿನ ಬಗ್ಗೆ ನನ್ನದು ಸ್ವಲ್ಪ ಬೇರೆ ಮಾತು. ಶಾಲೆಗೆ ಹೋಗುವ ದಾರಿಯಲ್ಲಿ ಹತ್ತಡಿ ಮುಂದೆ ಕಾಣದ ದಿನ, ಎದುರಿಂದ ಬರುವವರು ಯಾರು ಅಂತ ಕೆಮ್ಮಿನಿಂದ, ಚಪ್ಪಲಿ ಸದ್ದಿನಿಂದ ಗುರುತು ಹಿಡಿಯುತ್ತೇವೆ. ಅವಳು ಅವನನ್ನು ಹಾಗೆ ಗುರುತು ಹಿಡಿದರೆ ಮಂಜೂ ಕಥೆಯಲ್ಲಿ ಇರಲಿ.

ಗೋಣಿಕೊಪ್ಪದ ಹುಡುಗಿ:

ಟೀಚರ್, ಆ ಚಪ್ಪಲಿ ಸದ್ದು ನಾನು ತಗೊಳ್ತೀನಿ.

ಇವತ್ತು ನಡೆದದ್ದು ಹೇಳಬೇಕು ಅಂತ ಬಂದೆ. ಮಧ್ಯಾಹ್ನ ಅಂಗಡಿಗೆ ಒಬ್ಬರು ಬಂದರು. 35 ವರ್ಷ ಇರಬಹುದು. ಕೊಪ್ಪೆಯಿಂದ ನೀರು ಇಳೀತಿತ್ತು. ಹೆಂಗಸರ ಗಮ್‌ಬೂಟ್ ಬೇಕು ಅಂದರು. ಎಷ್ಟು ನಂಬರ್ ಅಂದೆ. ಗೊತ್ತಿಲ್ಲ ಅಂದರು. ಜೇಬಿನಿಂದ ಒಂದು ಬಾಳೆನಾರು ತೆಗೆದು ಕೌಂಟರ್ ಮೇಲೆ ಇಟ್ಟರು. ಎರಡು ಕಡೆ ಗಂಟು ಹಾಕಿತ್ತು. ಇದು ಉದ್ದ ಅಂದರು. ಇನ್ನೊಂದು ಗಿಡ್ಡ ನಾರು ತೆಗೆದು, ಇದು ಅಗಲ ಅಂದರು. ಕಾಲು ಅಳೆದು ತಂದ್ರಾ ಅಂತ ಕೇಳಿದೆ. ಅವರು ಏನೂ ಹೇಳಲಿಲ್ಲ. ನಾನು ಬೂಟಿನ ಅಡಿಗೆ ನಾರು ಹಿಡಿದು ನೋಡುವಾಗ ನನ್ನ ಬೆರಳಿಗೆ ಕೆಂಪು ಮಣ್ಣು ಹತ್ತಿತು. ನಾರಿನ ಪೂರ್ತಿ ಉದ್ದಕ್ಕೂ ಮಣ್ಣು. ಅವರು ಅಳೆದದ್ದು ಕಾಲಲ್ಲ, ಹೆಜ್ಜೆ.

5 ನಂಬರ್ ಸರಿಹೋಯ್ತು. ಬಿಲ್ಲಿಗೆ ಹೆಸರು ಕೇಳಿದರೆ ಬೇಡ ಅಂದರು. ಬೂಟನ್ನು ಕೊಪ್ಪೆಯ ಒಳಗೆ ಇಟ್ಟುಕೊಂಡು ಹೋದರು. ನಾರು ಕೌಂಟರ್ ಮೇಲೆಯೇ ಉಳಿದಿದೆ, ಬಿಲ್ ಪುಸ್ತಕದ ನಡುವೆ ಇಟ್ಟಿದ್ದೀನಿ.

ರೈಟರ ಮಗಳು, ಸುಂಟಿಕೊಪ್ಪ:

ಆ 40 ಪುಟ ಪಕ್ಕಕ್ಕಿಡು. ಇವತ್ತೇ ಗೆರೆ ಎಳಿ. ಮೂರನೇ ಸಾಲಿನಲ್ಲಿ ನಿನ್ನ ಹೆಸರು ಬರೀ.